ಸಾಂಬಾರಿಗೆ ಹತ್ತಕ್ಕೆ ಆರು

ಗಲ್ಲಾದ ಹಿಂದಿನ ಗೋಡೆಗೆ ಮಧ್ವರಾಜ ಎರಡು ಮೊಳೆ ಹೊಡೆದಿದ್ದ. ಒಂದರಲ್ಲಿ ಮಗ ಮಿಥುನನ ರ್‍ಯಾಂಕ್ ಕಾರ್ಡು ಲ್ಯಾಮಿನೇಟ್ ಆಗಿ ತೂಗುತ್ತಿತ್ತು. ಪಕ್ಕದ ಕೃಷ್ಣನ ಪಟಕ್ಕೆ ದಿನಾ ಹಾಕುವ ಮಲ್ಲಿಗೆಯಲ್ಲಿ ಅದಕ್ಕೂ ನಾಲ್ಕು ಮೊಗ್ಗು ಸಿಗುತ್ತಿತ್ತು. ಇನ್ನೊಂದು ಮೊಳೆ ಮಗಳು ಪ್ರಣಮ್ಯಾಳ ಕಾರ್ಡಿಗೆಂದು ಹೊಡೆದದ್ದು. ಅದು ಎರಡು ವರ್ಷದಿಂದ ಖಾಲಿ ಇತ್ತು.

ಮದ್ರಾಸಿನ ಬೆಸೆಂಟ್ ನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯ ಆ ಹೋಟೆಲಿಗೆ ಬೆಳಿಗ್ಗೆ ಏಳೂಕಾಲಿಗೆ ತಪ್ಪದೆ ಬರುವ ಗಿರಾಕಿ ನಾಗರಾಜ. ಹಾಸನದ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಇಡ್ಲಿಯಷ್ಟೇ ಆಸೆಯಿಂದ ಅವರು ಆ ಖಾಲಿ ಮೊಳೆಯನ್ನೂ ನೋಡುತ್ತಿದ್ದರು.

"ಏನ್ರೀ ಮಧ್ವರಾಜ್, ಮಗಳು ಈ ಸಲನಾದ್ರೂ ಎಷ್ಟನೇ ರ್‍ಯಾಂಕು?"

"ಅವಳ ಶಾಲೆಯಲ್ಲಿ ರ್‍ಯಾಂಕ್ ಇಲ್ಲ ಸಾರ್."

"ರ್‍ಯಾಂಕ್ ಇಲ್ದಿರೋ ಸ್ಕೂಲು ಅಂದ್ರೆ ಬಿಲ್ ಇಲ್ದಿರೋ ಹೋಟ್ಲು ಇದ್ದ ಹಾಗೆ ಕಣ್ರೀ. ತಿಂದಿದ್ದೆಷ್ಟು ಅಂತ ಗೊತ್ತಾಗೋದು ಹೇಗೆ?"

ಮಧ್ವರಾಜ ನಕ್ಕು ಚಿಲ್ಲರೆ ಕೊಡುತ್ತಿದ್ದ. ನಗು ಅವನ ಕೆನ್ನೆಯಿಂದ ಒಳಗೆ ಇಳಿಯುತ್ತಿರಲಿಲ್ಲ.

2003ರ ಪೊಂಗಲ್ ರಜೆ ಮುಗಿದ ವಾರ ಆ ಶಾಲೆಯಿಂದ ಒಂದು ಲಕೋಟೆ ಬಂತು. ಮಧ್ವರಾಜನ ಮನೆ ಹೋಟೆಲಿನ ಮೇಲೆಯೇ, ಇಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಸಿಗುತ್ತದೆ. ಕೆಳಗೆ ಊಟದ ಗಲಾಟೆ ಮುಗಿದ ಮೇಲೆ, ಮೂರು ಗಂಟೆಗೆ ಮನೆಯವರ ಊಟ. ಅಂದು ಶನಿವಾರವಾದ್ದರಿಂದ ಮಕ್ಕಳಿಬ್ಬರೂ ಇದ್ದರು. ಮಧ್ವರಾಜ ಕೈ ತೊಳೆಯುವ ಮೊದಲೇ ಲಕೋಟೆ ಒಡೆದ.

"ಕಾರ್ಡ್ ಎಲ್ಲಿ?"

"ಅದೇ ಕಾರ್ಡು," ಎಂದಳು ಹೆಂಡತಿ ಬೇಬಿ, ಬಸಳೆ ಹುಳಿ ಬಡಿಸುತ್ತ.

"ಇದು ಎರಡು ಪುಟದ ಕಾಗದ ಮಾರಾಯ್ತಿ. ಹುಡುಗಿ ನೋಡಿ ಹೋದವರು ಬರೆದ ಹಾಗುಂಟು."

ಕಾಗದ ಬರೆದವಳು ಪ್ರಣಮ್ಯಾಳ ಟೀಚರು, ಮೈಸೂರಿನ ರಚನಾ. ಆ ಶಾಲೆಯಲ್ಲಿ ಮಕ್ಕಳು ಟೀಚರನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅದೂ ಮಧ್ವರಾಜನಿಗೆ ಸರಿಬರುತ್ತಿರಲಿಲ್ಲ. ಕನ್ನಡದ ಮನೆಯೆಂದು ರಚನಾ ಕನ್ನಡದಲ್ಲೇ ಬರೆದಿದ್ದಳು. ಮಧ್ವರಾಜ ಗಟ್ಟಿಯಾಗಿ ಓದಿದ. "'ಪ್ರಣಮ್ಯಾ ಭಾಗಾಕಾರದಲ್ಲಿ ಶೇಷ ಉಳಿದರೆ ಒಪ್ಪುವುದಿಲ್ಲ, ಉಳಿದದ್ದು ಯಾರಿಗೆ ಎಂದು ಕೇಳುತ್ತಾಳೆ. ಗಟ್ಟಿಯಾಗಿ ಓದಲು ಈಗ ಹೆದರುವುದಿಲ್ಲ. ಬೇರೆಯವರು ಮಾತಾಡುವಾಗ ನಡುವೆ ಬಾಯಿ ಹಾಕುತ್ತಾಳೆ, ಅದನ್ನು ನಾವು ಮಾತಾಡಿಕೊಳ್ಳುತ್ತಿದ್ದೇವೆ.' ಬಾಯಿ ಹಾಕುದಕ್ಕೆ ಟೀಚರ್ ಬೇಕಾ? ಇವಳು ಎಷ್ಟನೆಯವಳು? ಇಷ್ಟುದ್ದ ಬರೆದವಳಿಗೆ ಒಂದು ನಂಬರ್ ಬರೀಲಿಕ್ಕೆ ಶಾಯಿ ಮುಗೀತಾ?"

"ಹಳೇ ಶಾಲೆಯ ಎರಡನೇ ಕ್ಲಾಸಲ್ಲಿ ಪ್ರತಿ ಸೋಮವಾರ ಟೆಸ್ಟು," ಎಂದಳು ಬೇಬಿ. "ಪ್ರತಿ ಸೋಮವಾರ ಇವಳು ಕಕ್ಕುದು, ನಾನು ಬಕೆಟ್ ಹಿಡ್ಕೊಂಡು ನಿಲ್ಲುದು. ನೀವು ಆಗ ಕೆಳಗೆ ಗಲ್ಲಾದಲ್ಲಿ. ಈ ಶಾಲೆಗೆ ಹಾಕಿದ ಮೇಲೆ ಒಂದೇ ಒಂದು ಸಲ ಕಕ್ಕಿದ್ದಾಳಾ?"

"ಕಕ್ಕದ್ದಕ್ಕೆ ಕಾಲೇಜಲ್ಲಿ ಸೀಟ್ ಕೊಡ್ತಾರಾ?"

"ಊಟಕ್ಕೆ ಕೂತಾಗ ಎಂತದು ಆ ಮಾತು," ಎಂದರು ಮಧ್ವರಾಜನ ತಾಯಿ ಜಲಜಾಕ್ಷಿ. "ತಿಂದದ್ದು ಮೈಗೆ ಹತ್ತುದಿಲ್ಲ."

ಮಧ್ವರಾಜ ಕೂತ. ಆದರೆ ಸುಮ್ಮನಾಗಲಿಲ್ಲ. "ನನಗೆ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಇಪ್ಪತ್ತೆಂಟು. ಏಳೇ ಏಳು ಮಾರ್ಕು ಕಡಿಮೆ ಆಯ್ತು. ಅಪ್ಪ ಬಾರ್ಕೂರಿಂದ ಇಲ್ಲಿಗೆ ಕರೆಸಿ ಟೇಬಲ್ ಒರೆಸ್ಲಿಕ್ಕೆ ಹಾಕಿದ್ರು. ಆ ಏಳು ಮಾರ್ಕಿನ ಬೆಲೆ ನಿಮಗ್ಯಾರಿಗೂ ಗೊತ್ತಿಲ್ಲ. ಜೂನಿಂದ ಇವಳು ಅಣ್ಣನ ಶಾಲೆಗೆ. ಮಾರ್ಚ್ ಒಂದಕ್ಕೆ ಟೆಸ್ಟ್ ಉಂಟು, ಫಾರ್ಮ್ ತಂದಾಯ್ತು."

ಮಿಥುನ ತಟ್ಟೆಯ ಪಕ್ಕ ಪುಸ್ತಕ ಇಟ್ಟುಕೊಂಡು ಉಣ್ಣುವ ಹುಡುಗ. ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆಗೆ ಎರಡು ತಿಂಗಳಿತ್ತು. ಅವನು ತಲೆ ಎತ್ತಿ ತಂಗಿಯನ್ನು ನೋಡಿದ.

"ನಾನ್ ಪೋಗಮಾಟ್ಟೇನ್," ಎಂದಳು ಪ್ರಣಮ್ಯಾ. ಒಂಬತ್ತು ವರ್ಷದ ಆ ಹುಡುಗಿಗೆ ಹಟ ಬಂದರೆ ಬಾಯಿಗೆ ಬರುವುದು ತಮಿಳು.

"ಹೋಗುದಿಲ್ಲ ಅಂತ ಕನ್ನಡದಲ್ಲಿ ಹೇಳು," ಎಂದ ಅಪ್ಪ.

"ಹೋಗುದಿಲ್ಲ."

"ಹೋಗ್ತೀಯ. ಉಣ್ಣು ಈಗ."

ಈ ಹೋಟೆಲಿನ ಒಂದು ಕ್ರಮ ಇಲ್ಲಿ ಹೇಳಬೇಕು. ಅಡುಗೆಯ ಭೋಜರಾಜ ಉಡುಪರು ಹುಡುಗನಾಗಿದ್ದಾಗ ಮಠದ ಅಡುಗೆಮನೆಯಲ್ಲಿ ಪಳಗಿದವರು. ದೇವರಿಗೆ ತೋರಿಸುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ, ಮಾಡಿದವನಂತೂ ನೋಡುವಂತೆಯೇ ಇಲ್ಲ ಎಂದು ಅಲ್ಲಿ ಕಲಿತದ್ದನ್ನು ಮದ್ರಾಸಿಗೆ ಬಂದ ಮೇಲೂ ಬಿಡಲಿಲ್ಲ. ಕಣ್ಣು, ಮೂಗು, ಕೈ ಅಳತೆ ಇಷ್ಟರಲ್ಲೇ ಅವರ ಸಾಂಬಾರು. ಆದರೆ ಉಪ್ಪು ಎಷ್ಟಾಯಿತೆಂದು ಮೂಗು ಹೇಳುವುದಿಲ್ಲ. ಅದಕ್ಕೆ ಬೆಳಿಗ್ಗೆ ಆರೂವರೆಗೆ ಒಂದು ಬಟ್ಟಲು ಸಾಂಬಾರು ಮೇಲೆ ಹೋಗುತ್ತಿತ್ತು. ಜಲಜಾಕ್ಷಿ ಅಮ್ಮ ದೇವರಿಗೆ ತೋರಿಸಿ, ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ಹೇಳುತ್ತಿದ್ದರು: "ಹುಳಿ ಮುಂದೆ ಬಂದಿದೆ." ಇಲ್ಲವೆ, "ಇಂಗು ಅಡಗಿ ಕೂತಿದೆ." ಆ ಮಾತನ್ನು ಹೊತ್ತು ಇಪ್ಪತ್ತೆರಡು ಮೆಟ್ಟಿಲು ಓಡಿ ಇಳಿಯುವುದು ಪ್ರಣಮ್ಯಾಳ ಕೆಲಸ. ಭೋಜಣ್ಣ ಕೇಳಿ, ಕೊಪ್ಪರಿಗೆಗೆ ಬೇಕಾದ್ದು ಬೀಳಿಸಿ, ಸೌಟು ತಿರುಗಿಸಿದ ಮೇಲೆಯೇ ಏಳಕ್ಕೆ ಬಾಗಿಲು ತೆರೆಯುವುದು. ಮೂವತ್ತೊಂದು ವರ್ಷದಿಂದ ಹೀಗೇ ನಡೆದಿತ್ತು.

ಫೆಬ್ರವರಿ ಮೊದಲ ವಾರ ಜಲಜಾಕ್ಷಿ ಅಮ್ಮ ಬಾರ್ಕೂರಿಗೆ ಹೊರಟರು. ತಂಗಿಯ ಮೊಮ್ಮಗನ ಉಪನಯನ, ಅದಾದ ಮೇಲೆ ನೆಂಟರ ಮನೆಗಳು, ಒಟ್ಟು ಒಂದು ತಿಂಗಳು.

"ರುಚಿ ನೋಡುದು ಯಾರು ಹಾಗಾದ್ರೆ?" ಎಂದು ಭೋಜಣ್ಣ ಮೆಟ್ಟಿಲ ಕೆಳಗಿನಿಂದ ಕೇಳಿದರು.

"ಇವಳು," ಎಂದರು ಅಮ್ಮ, ಮೊಮ್ಮಗಳ ತಲೆ ಮುಟ್ಟಿ. "ಎರಡು ವರ್ಷದಿಂದ ನನ್ನ ಮಾತು ಹೊತ್ತಿದ್ದಾಳೆ. ಇನ್ನು ಅವಳದೇ ನಾಲಗೆ."

ಮೊದಲ ದಿನ ಪ್ರಣಮ್ಯಾ ದೇವರಿಗೆ ತೋರಿಸಿದ ಬಟ್ಟಲು ಹಿಡಿದು ಐದು ನಿಮಿಷ ಕೂತಳು. ಕೆಳಗೆ ಭೋಜಣ್ಣ ಗಡಿಯಾರ ನೋಡಿದರು. ಕೊನೆಗೆ ಓಡಿ ಬಂದು ಹೇಳಿದಳು: "ಉಪ್ಪು ಉಂಟು, ಆದ್ರೆ ಬದಿಯಲ್ಲಿ ನಿಂತಿದೆ. ಒಳಗೆ ಹೋಗ್ಲಿಲ್ಲ."

"ಕುದಿ ಸಾಲ್ಲಿಲ್ಲ ಅದಕ್ಕೆ," ಎಂದು ಭೋಜಣ್ಣ ಉರಿ ಏರಿಸಿದರು. ಹತ್ತು ನಿಮಿಷ ಕಳೆದು ಎರಡನೇ ಬಟ್ಟಲು ಕೊಟ್ಟರು. ಹುಡುಗಿ ತಲೆ ಆಡಿಸಿದಳು. ಆ ವಾರ ನಾಗರಾಜರು ಎರಡು ದಿನ ಸಾಂಬಾರು ಮತ್ತೆ ಹಾಕಿಸಿಕೊಂಡರು. ಪ್ರಣಮ್ಯಾ ಶಾಲೆಗೆ ಹೋಗುವಾಗ ರಚನಾ ಅಕ್ಕನಿಗೆ ಹೇಳಲು ಸುದ್ದಿ ಬಾಯಿತುಂಬ ಇರುತ್ತಿತ್ತು. ಒಂದು ಪುಸ್ತಕದಲ್ಲಿ ದಿನಾ ಎಷ್ಟು ಉಂಡೆ ಹುಣಸೆ, ಎಷ್ಟು ಅಚ್ಚು ಬೆಲ್ಲ, ಅದಕ್ಕೆ ಏನಾಯಿತು ಎಂದು ಬರೆಯತೊಡಗಿದಳು. ಬರೆಯಲು ಯಾರೂ ಹೇಳಿರಲಿಲ್ಲ. ಮುಕ್ಕಾಲು ಉಂಡೆ ಬರೆಯುವುದು ಹೇಗೆಂದು ಅವಳೇ ಹೋಗಿ ಕೇಳಿದ್ದರಿಂದ ರಚನಾ ಅವಳಿಗೆ ಭಿನ್ನರಾಶಿ ಹೇಳಿಕೊಟ್ಟಳು.

ಇದು ಚೆನ್ನಾಗಿಯೇ ಇತ್ತು. ಕೆಡಿಸಿದ್ದು ಮಧ್ವರಾಜ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೆಡಿಸಿದ.

ಟೆಸ್ಟಿಗೆ ಮೂರು ವಾರ ಇರುವಾಗ ಅವನು ಮಿಥುನನಿಂದ ಗ್ರಾಫ್ ಹಾಳೆಯಲ್ಲಿ ಒಂದು ಪಟ್ಟಿ ಮಾಡಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಒಂದು ಲೆಕ್ಕ ಸರಿಯಾದರೆ ಒಂದು ಮಾರ್ಕು. ಒಂದು ಪುಟ ಕಾಪಿ ಬರೆದರೆ ಐದು. ಆ ವರ್ಷ ಊರಿಗೆಲ್ಲ ನೀರಿನ ಬರ. ಲಾರಿ ಬಂದಾಗ ಒಂದು ಕೊಡ ನೀರು ತಂದರೆ ಎರಡು. ಐನೂರು ಮಾರ್ಕಿಗೆ ಒಂದು ಸೈಕಲ್.

"ಸಾಂಬಾರು ನೋಡುದಕ್ಕೆ ಎಷ್ಟು?" ಎಂದು ಕೇಳಿದಳು ಪ್ರಣಮ್ಯಾ.

ಮಧ್ವರಾಜ ಯೋಚಿಸಿದ. "ಅದಕ್ಕೆ ಎರಡು."

"ಪುಸ್ತಕದಲ್ಲಿ ಬರೆಯುದಕ್ಕೆ?"

"ಯಾವ ಪುಸ್ತಕ? ಅದೆಲ್ಲ ಟೆಸ್ಟಿಗೆ ಬರುದಿಲ್ಲ. ಅದಕ್ಕೆ ಇಲ್ಲ."

ಸಾಂಬಾರಿನ ಪುಸ್ತಕ ಅಂದೇ ಚೀಲದ ತಳ ಸೇರಿತು.

ಮಿಥುನ ತಂಗಿಗೆ ಗುಟ್ಟು ಹೇಳಿಕೊಟ್ಟ. "ಕಷ್ಟದ್ದು ಮುಟ್ಬೇಡ. ಸಣ್ಣ ಕೂಡುವ ಲೆಕ್ಕ ತಗೋ, ಅದೂ ಒಂದೇ ಮಾರ್ಕು, ಇದೂ ಒಂದೇ ಮಾರ್ಕು." ಪ್ರಣಮ್ಯಾ ಒಂದೇ ಸಂಜೆಗೆ ನಲವತ್ತು ಕೂಡುವ ಲೆಕ್ಕ ಮಾಡಿ ನಲವತ್ತು ಮಾರ್ಕು ತೆಗೆದಳು. ಎಲ್ಲವೂ ಎರಡನೇ ಕ್ಲಾಸಿನವು. ಮಧ್ವರಾಜ ಕೆಂಪು ಪೆನ್ನಿನಿಂದ ಸರಿ ಹಾಕುತ್ತ ಹಿರಿಹಿರಿ ಹಿಗ್ಗಿದ.

"ಬೀನ್ಸ್ ಮುರಿದು ಕೊಡು ಬಾ," ಎಂದು ಬೇಬಿ ಮಾರನೆಯ ದಿನ ಕರೆದಳು. ಅಮ್ಮನ ಜತೆ ಕೂತು ಬೀನ್ಸ್ ಮುರಿಯುವುದೆಂದರೆ ಶಾಲೆಯ ಕತೆ ಹೇಳುವ ಹೊತ್ತು.

"ಬೀನ್ಸಿಗೆ ಎಷ್ಟಮ್ಮ?"

"ಎಂತ ಎಷ್ಟು?"

"ಮಾರ್ಕು."

ಬೇಬಿ ಬೀನ್ಸ್ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಬೀನ್ಸ್ ಒಬ್ಬಳೇ ಮುರಿದಳು. ಸಂಜೆ ಮಧ್ವರಾಜ ಫ್ರಿಜ್ಜಿನಿಂದ ಮಜ್ಜಿಗೆ ತೆಗೆಯಲು ಬಂದಾಗ ಪಟ್ಟಿಯಲ್ಲಿ ಹೊಸ ಸಾಲು ಸೇರಿತ್ತು.

"ಬೇಬಿ ಅಂತ ಉಂಟಲ್ಲ ಇಲ್ಲಿ?"

"ಉಂಟು. ಕಾಫಿ ಆರು ಸಲ, ಅರುವತ್ತು. ನೀರು ಹನ್ನೆರಡು ಕೊಡ, ಇಪ್ಪತ್ತನಾಲ್ಕು. ನಿಮ್ಮ ಅಂಗಿ ಇಸ್ತ್ರಿಗೆ ಹತ್ತು. ನಿಮ್ಮ ಸಿಟ್ಟು ಸಹಿಸಿದ್ದಕ್ಕೆ ನೂರು. ಹದಿನೇಳು ವರ್ಷದ್ದು ಬಾಕಿ ಉಂಟು, ಅದನ್ನು ಆಮೇಲೆ ಹಾಕುವ. ಸೈಕಲ್ ನನಗೆ ಕೆಂಪು ಬಣ್ಣದ್ದು ಬೇಕು."

"ಕುಶಾಲು ಮಾಡ್ಬೇಡ."

"ಕುಶಾಲು ಶುರು ಮಾಡಿದ್ದು ನೀವು."

ಆ ವಾರ ಅಂಗಡಿಗಳಿಗೆ ಹೊಸ ಹುಣಸೆ ಬಂತು. ಬಣ್ಣ ತೆಳು, ಹುಳಿ ಜೋರು. ಹಳೆಯ ಹುಣಸೆಯ ಕೈ ಅಳತೆ ಅದಕ್ಕೆ ಹೊಂದುವುದಿಲ್ಲ. ಪ್ರತಿ ವರ್ಷ ಆ ಹದಿನೈದು ದಿನ ಭೋಜಣ್ಣ ಮೇಲಿನಿಂದ ಬರುವ ಮಾತಿಗೆ ಕಿವಿ ಕೊಟ್ಟೇ ಅಡುಗೆ ಮಾಡುತ್ತಿದ್ದರು. ಗುರುವಾರ ಪ್ರಣಮ್ಯಾ ಅವಸರದಲ್ಲಿ ಇಳಿದು ಬಂದಳು. ಶಾಲೆಗೆ ಹೋಗುವ ಮೊದಲು ಇಪ್ಪತ್ತು ಮಾರ್ಕು ಮಾಡುವುದಿತ್ತು.

"ಏಳು," ಎಂದಳು.

"ಗಂಟೆ ಏಳಾಗ್ಲಿಲ್ಲ ಇನ್ನೂ."

"ಸಾಂಬಾರಿಗೆ. ಹತ್ತಕ್ಕೆ ಏಳು." ಹೇಳಿ ಓಡಿದಳು.

ಭೋಜಣ್ಣ ಕೊಪ್ಪರಿಗೆ ನೋಡಿದರು. ಕಡಿಮೆಯಾದದ್ದು ಉಪ್ಪು ಇರಬಹುದೆಂದು ಒಂದು ಹಿಡಿ ಹಾಕಿದರು. ಶುಕ್ರವಾರ ಐದು ಬಂತು. ಶನಿವಾರ ಹುಣಸೆ ಹೆಚ್ಚು ಹಾಕಿ, ಅದು ಮೀರಿತೇನೋ ಎಂದು ಅಳುಕಿ ಬೆಲ್ಲವನ್ನೂ ಎರಡು ಅಚ್ಚು ಹೆಚ್ಚು ಬಿಟ್ಟರು. ನಾಗರಾಜರು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, "ಇದೇನ್ರೀ, ಸಾಂಬಾರೋ ಪಾಯಸವೋ?" ಎಂದು ಇಡ್ಲಿಗೆ ಬರೀ ಚಟ್ನಿ ಹಚ್ಚಿಕೊಂಡು ತಿಂದು ಹೋದರು.

ಭಾನುವಾರವೆಂದರೆ ಕಡಲ ದಂಡೆಯಲ್ಲಿ ನಡೆದು ಬಂದವರೆಲ್ಲ ಆ ಹೋಟೆಲಿಗೆ ನುಗ್ಗುವ ದಿನ. ಆರೂಮುಕ್ಕಾಲಿಗೆ ಮಧ್ವರಾಜ ಒಳಗೆ ಹೋದಾಗ ಭೋಜಣ್ಣ ಸೌಟನ್ನು ಮೂಲೆಗೆ ಒರಗಿಸಿ, ಹಿತ್ತಲ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದರು. ಎದುರಿಗೆ ಪ್ರಣಮ್ಯಾ ಖಾಲಿ ಬಟ್ಟಲು ಹಿಡಿದು ನಿಂತಿದ್ದಳು.

"ಎಂತ ಆಯ್ತು ಭೋಜಣ್ಣ? ಹೊರಗೆ ಜನ ನಿಂತಿದ್ದಾರೆ."

"ನಿನ್ನ ಮಗಳನ್ನೇ ಕೇಳು."

"ಸಾಂಬಾರು ಹೇಗುಂಟು?" ಎಂದು ಮಧ್ವರಾಜ ಮಗಳನ್ನು ಕೇಳಿದ.

"ಆರು."

"ಆರಾ? ಎಂತ ಕಡಿಮೆ?"

"ನಾಲ್ಕು."

ಕವಳದ ಬಾಯಿ ಓರೆ ಮಾಡಿ ಭೋಜಣ್ಣ ಹೇಳಿದರು: "ಕೇಳಿದ್ಯಾ ಮಧ್ವ? ಜಲಜಕ್ಕ ಮೂವತ್ತೊಂದು ವರ್ಷದಲ್ಲಿ ನನ್ನನ್ನು ಒಂದು ದಿನ ಹೊಗಳಿದ್ದಿಲ್ಲ, ಬೈದದ್ದೂ ಇಲ್ಲ. ಎಂತ ಕಡಿಮೆ ಅಂತ ಹೇಳ್ತಿದ್ರು, ನಾನು ಹಾಕ್ತಿದ್ದೆ. ಮೂರು ದಿನ ಆಯ್ತು, ನಾನು ಮಾರ್ಕಿಗೆ ಉಪ್ಪು ಹಾಕ್ತಿದ್ದೇನೆ. ಇವತ್ತು ನಾಲ್ಕು ಕಡಿಮೆ ಅಂತೆ. ನಾಲ್ಕನ್ನು ಯಾವ ಡಬ್ಬದಿಂದ ತೆಗೆದು ಹಾಕುದು ಹೇಳು."

ಮಧ್ವರಾಜ ಮಗಳ ಮೇಲೆ ರೇಗಿದ. "ಸರಿಯಾಗಿ ಹೇಳ್ಲಿಕ್ಕೆ ಎಂತ ಕೇಡು ನಿನಗೆ?"

"ನೀವೇ ಅಲ್ವಾ ಎಲ್ಲದಕ್ಕೂ ಮಾರ್ಕ್ ಹಾಕುದು," ಎಂದಳು ಪ್ರಣಮ್ಯಾ. ಕಣ್ಣಲ್ಲಿ ನೀರಿತ್ತು. "ನಾನು ಸಹ ಹಾಕಿದೆ."

ಮೇಲಿಂದ ಇಳಿದು ಬಂದಿದ್ದ ಬೇಬಿ ಮಗಳ ಕೈಯ ಬಟ್ಟಲನ್ನು ತೆಗೆದು ತೊಳೆದು, ಹೊಸದಾಗಿ ಸಾಂಬಾರು ಹಾಕಿ ಕೊಟ್ಟಳು. "ಅಜ್ಜಿ ಹೇಗೆ ಕುಡಿತಾರೆ, ಹಾಗೆ ಕುಡಿ. ಅವಸರ ಇಲ್ಲ. ಜನ ನಿಲ್ಲಲಿ."

ಹುಡುಗಿ ಕಣ್ಣು ಮುಚ್ಚಿದಳು. ಹೊರಗೆ ಯಾರೋ ಶಟರು ತಟ್ಟಿದರು. "ಹುಳಿ ಮುಂದೆ ಬಂದಿದೆ," ಎಂದಳು ಮೆಲ್ಲಗೆ. "ಬೆಲ್ಲ ಅದನ್ನು ಮುಚ್ಲಿಕ್ಕೆ ನೋಡ್ತಿದೆ, ಆಗ್ಲಿಲ್ಲ. ಬೇಳೆ ಹಿಂದೆ ಉಳಿದಿದೆ. ಇಂಗು ಸರಿ ಉಂಟು."

"ಹಾಗೆ ಹೇಳು ಮತ್ತೆ," ಎಂದು ಭೋಜಣ್ಣ ಕವಳ ಉಗುಳಿ ಎದ್ದರು. ಬೆಂದ ಬೇಳೆ ಮೂರು ಸೌಟು, ನೀರು ಒಂದು ಚೊಂಬು ಬಿತ್ತು. ಏಳೂಹತ್ತಕ್ಕೆ ಬಾಗಿಲು ತೆರೆಯಿತು. ಹೋಟೆಲು ತಡವಾಗಿ ತೆರೆದದ್ದು ಮಧ್ವರಾಜನ ನೆನಪಿನಲ್ಲಿ ಅದೇ ಮೊದಲು.

ಮೂರು ಗಂಟೆಯ ಊಟಕ್ಕೆ ಅವನು ಘೋಷಿಸಿದ: "ಇನ್ನು ಸಾಂಬಾರಿಗೆ ಮಾರ್ಕ್ ಇಲ್ಲ."

"ಪಾಠಕ್ಕೆ?" ಎಂದಳು ಬೇಬಿ.

"ಅದು ಬೇರೆ, ಇದು ಬೇರೆ."

"ಎಂತ ಬೇರೆ?"

"ಸಾಂಬಾರು ಕೆಟ್ರೆ ಅವತ್ತೇ ಗೊತ್ತಾಗ್ತದೆ," ಎಂದ ಮಧ್ವರಾಜ. ಹೇಳಿದ ಮೇಲೆ ಅವನಿಗೇ ಅದು ಯಾರ ಪರವಾದ ಮಾತೆಂದು ತಿಳಿಯಲಿಲ್ಲ. ಮೊಸರು ಕಲಸಿಕೊಂಡ.

ಮಾರ್ಚ್ ಒಂದರ ಬೆಳಿಗ್ಗೆ ನೀರಿನ ಲಾರಿ ಬಂದು ಬೇಬಿ ಕೊಡ ಹಿಡಿದು ಕೆಳಗೆ ಓಡಿದ್ದಳು. ಪ್ರಣಮ್ಯಾ ತಿಂದ ಇಡ್ಲಿ ಹಾಗೇ ಹೊರಗೆ ಬಂತು. ಬಕೆಟ್ ಹಿಡಿಯಲು ಮಧ್ವರಾಜನೊಬ್ಬನೇ ಇದ್ದ. ಮಗಳ ಹಣೆ ಒತ್ತಿ ಹಿಡಿದುಕೊಂಡ. ಅಷ್ಟು ಸಣ್ಣ ಹಣೆ ಅಷ್ಟೊಂದು ಬೆವರಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಎರಡನೇ ತರಗತಿಯ ಸೋಮವಾರಗಳು ಎಷ್ಟಿದ್ದವೆಂದು ಎಣಿಸಲು ಹೋಗಿ ಬಿಟ್ಟುಬಿಟ್ಟ.

"ಆಯ್ತಾ?"

"ಆಯ್ತು. ಹೋಗುವ ಅಪ್ಪ, ತಡ ಆಗ್ತದೆ," ಎಂದಳು ಪ್ರಣಮ್ಯಾ. ಅವಳು ಹೋಗುವುದಿಲ್ಲ ಎಂದು ಹಟ ಹಿಡಿದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಬುಧವಾರ ಫಲಿತಾಂಶ ನೋಡಲು ಮಧ್ವರಾಜ ಮಗಳ ಜತೆ ಮಿಥುನನ ಶಾಲೆಗೆ ಹೋದ. ಶಾಲೆಯ ಆಫೀಸಿನ ಗುಮಾಸ್ತ ಕಿಟಕಿಯಿಂದ ಒಂದು ಚೀಟಿ ಚಾಚಿದ. ನೂರಕ್ಕೆ ಅರುವತ್ತೊಂದು. ಅರುವತ್ತು ಬಂದವರಿಗೆ ಸೀಟು. ಶುಕ್ರವಾರ ನಾಲ್ಕು ಗಂಟೆಯೊಳಗೆ ಫೀಸು ಕಟ್ಟಬೇಕು.

ಮಧ್ವರಾಜನ ಎದೆಯಲ್ಲಿ ಮೊಳೆಗೆ ಕಾರ್ಡು ಏರಿದಂತಾಯಿತು. ಹಿಗ್ಗಿನಲ್ಲೇ ತಮಿಳಿನಲ್ಲಿ ಕೇಳಿದ: ಉತ್ತರ ಪತ್ರಿಕೆ ಒಮ್ಮೆ ನೋಡಬಹುದೇ, ಎಲ್ಲಿ ತಪ್ಪಿದೆ ಎಂದು ಗೊತ್ತಾದರೆ ಜೂನ್ ಒಳಗೆ ಮನೆಯಲ್ಲಿ ತಿದ್ದಿಸಬಹುದು.

ಪೇಪರ್ ತೋರಿಸುವ ಪದ್ಧತಿ ಇಲ್ಲ ಎಂದ ಗುಮಾಸ್ತ.

"ತೋರಿಸುವುದು ಬೇಡ ಸಾರ್. ಏನು ಕಡಿಮೆ ಇತ್ತು ಅಂತ ಹೇಳಿದರೆ ಸಾಕು."

ಗುಮಾಸ್ತ ಚೀಟಿಯನ್ನು ವಾಪಸು ತೆಗೆದುಕೊಂಡು ನೋಡಿದ. ಮನಸ್ಸಿನಲ್ಲೇ ಲೆಕ್ಕ ಹಾಕಿ, ಉಪಕಾರ ಮಾಡುವವನಂತೆ ಹೇಳಿದ: "ಮೂವತ್ತೊಂಬತ್ತು."

ಪ್ರಣಮ್ಯಾ ನಗು ತಡೆಯಲು ಗೋಡೆಯ ಕಡೆ ತಿರುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಮಧ್ವರಾಜ ಚೀಟಿ ವಾಪಸು ತೆಗೆದುಕೊಂಡ. ಹಿಂದಿದ್ದವರು ಭುಜ ತಟ್ಟಿದ ಮೇಲೆ ಸರಿದ. ಹಿತ್ತಲ ಮೆಟ್ಟಿಲ ಮೇಲೆ ಕವಳ ಹಾಕುತ್ತಿದ್ದ ಭೋಜಣ್ಣನ ಮುಖ ಅವನ ಕಣ್ಣಿಗೆ ಕಟ್ಟಿತ್ತು.

ಸ್ಕೂಟರಿನ ಹತ್ತಿರ ಬಂದು ಕೇಳಿದ: "ನಿನಗೆ ಯಾವುದು ತಪ್ಪಾಗಿರಬಹುದು ಅನ್ನಿಸ್ತದೆ?"

"ಲಾಡಿನದ್ದು ಇರ್ಬೇಕು. ಐವತ್ತು ಲಾಡು, ಎಂಟು ಮಕ್ಕಳು. ಎ‌ಲ್ಲರಿಗೂ ಸಮ ಹಂಚಿದರೆ ಎಷ್ಟು ಉಳೀತದೆ ಅಂತ."

"ತಲಾ ಆರು. ಎಂಟಾರ್ಲೆ ನಲವತ್ತೆಂಟು. ಎರಡು ಉಳೀತದೆ. ನೀನೆಂತ ಬರೆದದ್ದು?"

"ಉಳಿಯುದಿಲ್ಲ ಅಂತ. ಎರಡು ಬಡಿಸಿದವರಿಗೆ. ನಮ್ಮ ಹೋಟೆಲಲ್ಲಿ ಲಾಡು ಯಾವಾಗ ಉಳಿದಿದೆ ಅಪ್ಪ?"

ಸ್ವೀಟು ಮಿಕ್ಕರೆ ಬಡಿಸಿದವರ ಪಾಲು ಎಂಬುದು ಮಧ್ವರಾಜನ ಅಪ್ಪ ಮಾಡಿಟ್ಟ ಕ್ರಮ. ಇಪ್ಪತ್ತೆರಡು ವರ್ಷದಲ್ಲಿ ಒಂದು ಲಾಡನ್ನೂ ಅವನು ಮರುದಿನಕ್ಕೆ ಇಟ್ಟಿರಲಿಲ್ಲ. ಅವನು ನಗಲು ಶುರು ಮಾಡಿದ. ಎಷ್ಟು ನಕ್ಕನೆಂದರೆ ಸ್ಕೂಟರನ್ನು ಒದ್ದು ಸ್ಟಾರ್ಟ್ ಮಾಡಲು ಆಗಲಿಲ್ಲ.

ಗುರುವಾರ ಸಂಜೆ ಮಿಥುನ ಫ್ರಿಜ್ಜಿನ ಮೇಲಿದ್ದ ರಚನಾಳ ಕಾಗದವನ್ನು ತೆಗೆದು ಓದುತ್ತ ಕೂತಿದ್ದ. ಓದಿ ಮುಗಿಸಿ ಅಪ್ಪನನ್ನು ಕೇಳಿದ: "ನನ್ನ ಬಗ್ಗೆ ಬರೆಯುದಾದ್ರೆ ಎಂತ ಬರೀತಿದ್ರು?"

"ನೀನು ಫಸ್ಟ್ ಅಲ್ವಾ."

"ಅದು ಆಯ್ತಪ್ಪ. ಬೇರೆ?"

ಹದಿನೈದು ವರ್ಷ ಎದುರಿಗೆ ಕೂತು ಉಂಡ ಮಗ. ಎಲೆಕೋಸಿನ ಪಲ್ಯ ಅವನಿಗೆ ಸೇರುವುದಿಲ್ಲ ಎಂಬುದೊಂದೇ ಮಧ್ವರಾಜನಿಗೆ ನೆನಪಾಯಿತು. "ಪರೀಕ್ಷೆ ಮುಗಿಯಲಿ, ಒಂದು ವಾರ ನನ್ನ ಜತೆ ಗಲ್ಲಾದಲ್ಲಿ ಕೂತ್ಕೋ. ಆಮೇಲೆ ಹೇಳ್ತೇನೆ," ಎಂದ. ಮಿಥುನ ಸರಿ ಎಂದು ತಲೆಯಾಡಿಸಿದ.

ಶುಕ್ರವಾರ ಬೇಬಿ ಊಟದ ತಟ್ಟೆ ಎತ್ತುತ್ತ ಹೇಳಿದಳು: "ಇವತ್ತು ಶುಕ್ರವಾರ."

"ಗೊತ್ತುಂಟು."

"ಗಂಟೆ ಮೂರೂಮುಕ್ಕಾಲು."

"ಗಡಿಯಾರ ನನಗೂ ಕಾಣ್ತದೆ. ಒಂದು ಕಾಫಿ ಮಾಡು."

ಅವಳು ಕಾಫಿ ಮಾಡಿದಳು. ಅವನು ಲೋಟ ಡಬರಿಗಳ ನಡುವೆ ಎತ್ತಿ ಎತ್ತಿ ಹೊಯ್ದು, ಆರಿಸಿ, ಒಂದೊಂದೇ ಗುಟುಕು ಕುಡಿದ. ನಾಲ್ಕು ಹೊಡೆಯಿತು. ಎದ್ದು ಫ್ರಿಜ್ಜಿನ ಬಾಗಿಲಿನ ಪಟ್ಟಿಯನ್ನು ಕಿತ್ತ.

"ನನ್ನ ಸೈಕಲ್?" ಎಂದಳು ಬೇಬಿ. ಕೇಳಿ, ಮುಖ ತಿರುಗಿಸಿ ಲೋಟ ತೊಳೆಯಲು ಹೋದಳು.

ಆಗಷ್ಟೇ ಶಾಲೆಯಿಂದ ಬಂದ ಪ್ರಣಮ್ಯಾ ಬಾಗಿಲಲ್ಲಿ ನಿಂತಿದ್ದಳು. "ಅಪ್ಪ, ಅಂದ್ರೆ ರಚನಾ ಅಕ್ಕ?"

"ರಚನಾ ಅಕ್ಕನೇ. ಆದ್ರೆ ಲೆಕ್ಕ ಕಷ್ಟದ್ದು ಮಾಡ್ಬೇಕು. ಕೂಡುವ ಲೆಕ್ಕ ಮಾಡಿ ನನಗೆ ಟೋಪಿ ಹಾಕಿದ್ದು ಸಾಕು."

ಹುಡುಗಿ ಚೀಲದ ತಳದಿಂದ ಸಾಂಬಾರಿನ ಪುಸ್ತಕ ತೆಗೆದು, ಧೂಳು ಒರೆಸಿ, ಬಿಟ್ಟುಹೋದ ದಿನಗಳ ಹುಣಸೆಯ ಲೆಕ್ಕ ಕೇಳಲು ಭೋಜಣ್ಣನ ಹತ್ತಿರ ಓಡಿದಳು.

ಶನಿವಾರ ಜಲಜಾಕ್ಷಿ ಅಮ್ಮ ಮಂಗಳೂರು ಮೇಲ್ ರೈಲಿನಲ್ಲಿ ಬಂದಿಳಿದರು. ಭಾನುವಾರ ಬೆಳಿಗ್ಗೆ ಬಟ್ಟಲು ಮೇಲೆ ಬಂದಾಗ ಪ್ರಣಮ್ಯಾ ಅದನ್ನು ಅಜ್ಜಿಗೆ ಒಪ್ಪಿಸಿದಳು. ಅಜ್ಜಿ ದೇವರಿಗೆ ತೋರಿಸಿ ಮೊಮ್ಮಗಳಿಗೇ ವಾಪಸು ಕೊಟ್ಟರು. "ನೀನು ಕುಡಿ. ನಾನು ಕೇಳ್ತೇನೆ."

ಏಳೂಕಾಲಿಗೆ ನಾಗರಾಜರು ಬಂದರು. ಗಲ್ಲಾದ ಹಿಂದಿನ ಎರಡನೇ ಮೊಳೆಯಲ್ಲಿ ಏನೋ ತೂಗುತ್ತಿದ್ದುದನ್ನು ನೋಡಿ ಕನ್ನಡಕ ಸರಿ ಮಾಡಿಕೊಂಡರು. ರಚನಾಳ ಎರಡು ಪುಟದ ಕಾಗದ ಕ್ಲಿಪ್ಪಿನಲ್ಲಿತ್ತು.

"ಇದೇನ್ರೀ? ಮಾರ್ಕ್ ಎಲ್ಲಿದೆ ಇದ್ರಲ್ಲಿ?"

"ಪೂರ್ತಿ ಓದಿ ಸಾರ್," ಎಂದ ಮಧ್ವರಾಜ, ಅದನ್ನು ಇಳಿಸಿ ಅವರ ಕೈಗೆ ಕೊಡುತ್ತ.

ಮಿಥುನನ ಕಾರ್ಡಿಗೆ ಒಂದು ನೋಟ ಸಾಕಾಗುತ್ತಿತ್ತು. ಇದು ಮುಗಿಯುವಷ್ಟರಲ್ಲಿ ನಾಗರಾಜರ ಕಾಫಿಯ ಮೇಲೆ ಕೆನೆ ಕಟ್ಟಿತು. ಶೇಷ ಯಾರಿಗೆ ಎಂಬಲ್ಲಿ ಒಮ್ಮೆ ನಕ್ಕರು, ಬಾಯಿ ಹಾಕುವಲ್ಲಿ ಮತ್ತೊಮ್ಮೆ ನಕ್ಕರು. ಕೊನೆಗೆ ಕಾಗದ ಮಡಚಿ, "ಇನ್ನೊಂದು ಕಾಫಿ ತರ್ಸಿ," ಎಂದರು. ಆಗಲೇ ಪ್ರಣಮ್ಯಾ ಅಡುಗೆಮನೆಯಿಂದ ಹೊರಬಂದಳು. ಅವಳನ್ನು ಬಿಡುತ್ತಾರೆಯೇ.

"ಬಾರಮ್ಮ ಇಲ್ಲಿ. ನಿಮ್ಮಪ್ಪಂಗೆ ಹತ್ತಕ್ಕೆ ಎಷ್ಟು ಕೊಡ್ತೀಯ, ಹೇಳು ನೋಡೋಣ."

ಪ್ರಣಮ್ಯಾ ಅಪ್ಪನನ್ನು ನೋಡಿದಳು. ಆಮೇಲೆ ಬಟ್ಟಲು ಕುಡಿದಾಗಿನಂತೆ ಕಣ್ಣು ಮುಚ್ಚಿದಳು. ಪಕ್ಕದ ಮೇಜಿನವರೂ ದೋಸೆ ಮುರಿಯುವುದನ್ನು ನಿಲ್ಲಿಸಿದರು.

"ಉಪ್ಪು, ಹುಳಿ ಎಲ್ಲ ಸರಿ ಉಂಟು," ಎಂದಳು. "ಬೇಗ ಕುದಿ ಬರ್ತದೆ. ಉರಿ ಸ್ವಲ್ಪ ಕಡಿಮೆ ಮಾಡಿದ್ರೆ ಸಾಕು."

"ಅದನ್ನು ನಾನು ಇಪ್ಪತ್ತೆರಡು ವರ್ಷದಿಂದ ಹೇಳ್ಬೇಕು ಅಂತಿದ್ದೆ," ಎಂದಿತು ಒಳಗಿನಿಂದ ಭೋಜಣ್ಣನ ದನಿ.

ಹೋಟೆಲಿಗೆ ಹೋಟೆಲೇ ನಕ್ಕಿತು. ಮಧ್ವರಾಜನಿಗೆ ಸಿಟ್ಟು ಏರಿತು, ಕಿವಿ ಕೆಂಪಾಯಿತು, ಬಾಯಿಯೂ ತೆರೆಯಿತು. ಮಗಳು ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿ, ಉರಿ ತಗ್ಗಿಸಿಕೊಂಡು, ನಾಗರಾಜರ ಎರಡನೇ ಕಾಫಿಗೆ ಬಿಲ್ ಹರಿದ.